ಒಂದು ಪ್ರಶ್ನೆ ಹಿಂದೆ

ಆ ಶಾಲೆಯಲ್ಲಿ ಮುಂಚೆ ಲೆಕ್ಕ ಕಲಿಸುತ್ತಿದ್ದರು. ಆಮೇಲೆ ಶಿಕ್ಷಣ ತಜ್ಞರೊಬ್ಬರು ಬಂದರು, ಲೆಕ್ಕ ಹೋಗಿ ಚಟುವಟಿಕೆ ಬಂತು.

ತಜ್ಞರದು ತುಂಬು ತೋಳಿನ ಅಂಗಿ, ತುಂಬು ನಗು. ಅವರು ಬಂದುಹೋದ ವಾರದಲ್ಲೇ ಹಳೇ ಕುರ್ಚಿ ಮೇಜುಗಳ ಉಗ್ರಾಣ ಖಾಲಿಯಾಗಿ, ಗೋಡೆಗೆ ಹಳದಿ ಬಣ್ಣ ಬಳಿಸಿಕೊಂಡು, ಬಾಗಿಲ ಮೇಲೆ ‘ಗಣಿತ ಆನಂದ ಕೊಠಡಿ’ ಎಂಬ ಫಲಕ ಹೊತ್ತು ನಿಂತಿತು. ಒಳಗೆ ಮೂರು ಮೇಜು. ಒಂದರ ಮೇಲೆ ಹತ್ತತ್ತರ ಕಟ್ಟು ಕಟ್ಟಿದ ಕಡ್ಡಿಗಳು, ಇನ್ನೊಂದರ ಮೇಲೆ ಡಬ್ಬಿ ತುಂಬ ಅಂಗಿಗುಂಡಿ, ಮತ್ತೊಂದರ ಮೇಲೆ ಮರದ ತಕ್ಕಡಿ. ನಾಲ್ಕನೆಯ ಜಾಗದಲ್ಲಿ ಮೇಜಿಲ್ಲ. ಮಕ್ಕಳು ಹಾರಿ ಹಾರಿ ಎಣಿಸಲಿ ಎಂದು ನೆಲಕ್ಕೆ ಅಂಟುಪಟ್ಟಿಯಲ್ಲಿ ಅಂಕಿ ಬರೆದ ಮನೆಗಳ ಸಾಲು ಎಳೆದಿದ್ದರು. ಒಂದು ಮಗುವಿಗೆ ಲೆಕ್ಕ ಕಣ್ಣಿಂದ ತಲೆಗೆ ಹತ್ತುತ್ತದೆ, ಒಂದಕ್ಕೆ ಕಿವಿಯಿಂದ, ಒಂದಕ್ಕೆ ಕೈಯಿಂದ. ಎಲ್ಲರಿಗೂ ಅವರವರ ದಾರಿ ಸಿಗಬೇಕು ಎಂಬುದು ಅದರ ಹಿಂದಿನ ಆಸೆ. ಆಸೆ ಒಳ್ಳೆಯದೇ. ಅದು ದೊಡ್ಡ ಮಿಸ್ ಕೈಗೆ ಸಿಕ್ಕಿದ್ದು ಮಾತ್ರ ಅದರ ಹಣೆಬರಹ.

ದೊಡ್ಡ ಮಿಸ್ ಎಂದರೆ ಮುಖ್ಯೋಪಾಧ್ಯಾಯಿನಿ. ತಜ್ಞರು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ, ತಲೆಯ ಮೇಲೆ ಹೊತ್ತುಕೊಂಡರು. ಪ್ರತಿ ಮಗುವಿನ ಎದೆಗೂ ಒಂದು ಬಿಲ್ಲೆ ಬಂತು: ಕಣ್ಣಿನ ಚಿತ್ರ, ಇಲ್ಲವೇ ಕಿವಿಯ ಚಿತ್ರ, ಇಲ್ಲವೇ ಕೈಯ ಚಿತ್ರ. ಕಣ್ಣಿನ ಮಕ್ಕಳು ಗುಂಡಿಗಳನ್ನು ನೋಡಬೇಕು, ಮುಟ್ಟಕೂಡದು. ಕೈಯ ಮಕ್ಕಳು ಮುಟ್ಟಬೇಕು, ಬೇಡವೆನಿಸಿದರೂ ಮುಟ್ಟಬೇಕು. ಕಿವಿಯ ಮಕ್ಕಳು ಪಕ್ಕದ ಮೇಜಿನ ಗುಂಡಿ ಸದ್ದಿಗೆ ಆಸೆಯಿಂದ ಕತ್ತು ತಿರುಗಿಸಿದರೆ, “ನಿನ್ನ ಬಿಲ್ಲೆ ಯಾವುದು? ನೋಡ್ಕೊ!” ಎಂದು ಗದರಿಸಿಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಮೇಲೆ ಗಂಟೆ. ಅಂಗೈಯಗಲದ ಹಿತ್ತಾಳೆ ಗಂಟೆ, ತಲೆಗೆ ತಟ್ಟಿದರೆ ಟಿಣ್ ಎನ್ನುವಂಥದ್ದು. ಮಿದುಳು ಬೇಸರಪಡುವ ಮೊದಲೇ ಮೇಜು ಬದಲಾಗಬೇಕು, ಇದು ತಜ್ಞರ ಸೂತ್ರ. ಪ್ರಶ್ನೆ, ಉತ್ತರ, ಟಿಣ್, ಮುಂದಿನ ಮೇಜು.

ಗಂಟೆ ತಟ್ಟುವ ಕೆಲಸ ಚಿಕ್ಕ ಮಿಸ್‌ದು. ಹೊಸದಾಗಿ ಸೇರಿದವಳು, ಮೂರನೇ ತರಗತಿಯ ಸಹಾಯಕಿ. ಅವಳ ದನಿ ಎಷ್ಟು ಸಣ್ಣದೆಂದರೆ ಹಾಜರಿ ಕೂಗಿದಾಗ ಮೊದಲ ಬೆಂಚಿನವರಷ್ಟೇ ಶಾಲೆಗೆ ಬಂದ ಹಾಗಾಗುತ್ತಿತ್ತು. “ನಿಂಗೆ ಮಾತಿಗಿಂತ ಗಂಟೆ ವಾಸಿ ಕಣಮ್ಮ,” ಎಂದು ದೊಡ್ಡ ಮಿಸ್ ಅದನ್ನು ಅವಳ ಕೈಗಿಟ್ಟಿದ್ದರು. ಅವಳು “ಆಯ್ತು ಮಿಸ್” ಎಂದಿದ್ದಳು. ಅವಳು ಹೆಚ್ಚು ಸಲ ಹೇಳುತ್ತಿದ್ದದ್ದೇ ಅದು.

ಆ ತರಗತಿಯಲ್ಲಿ ಇಬ್ಬರು ಹುಡುಗಿಯರು ಅಕ್ಕಪಕ್ಕ ಕೂರುತ್ತಿದ್ದರು. ಒಬ್ಬಳು ಪಟಾಕಿ. ಪ್ರಶ್ನೆ ಮುಗಿಯುವ ಮೊದಲೇ ಸಿಡಿಯುವವಳು. “ಹದಿನೆಂಟರಲ್ಲಿ…” ಎನ್ನುವಷ್ಟರಲ್ಲಿ “ಒಂಬತ್ತು!” ಎನ್ನುತ್ತಿದ್ದಳು. ಕೇಳಬೇಕೆಂದಿದ್ದು ಹದಿನೆಂಟರಲ್ಲಿ ಎರಡು ಕಳೆದರೆ ಎಷ್ಟು ಎಂದಿರಬಹುದು. ಆದರೂ ಅವಳ ಚುರುಕು ಕಂಡು ದೊಡ್ಡ ಮಿಸ್ ಕಣ್ಣು ಅರಳುತ್ತಿತ್ತು. ಇನ್ನೊಬ್ಬಳು ನಿಧಾನಿ. ಅವಳಿಗೆ ಮೊದಲು ಕಣ್ಣಿನ ಬಿಲ್ಲೆ ಕೊಟ್ಟು ನೋಡಿದರು, ಆಮೇಲೆ ಕಿವಿಯದು, ಆಮೇಲೆ ಕೈಯದು. ಯಾವುದರಲ್ಲೂ ಉತ್ತರ ಸರಿಬರಲಿಲ್ಲ. ಕೊನೆಗೆ ಬಿಲ್ಲೆಯನ್ನೇ ಕಿತ್ತುಕೊಂಡರು. ಅವಳ ಎದೆಯ ಮೇಲೆ ಪಿನ್ನಿನ ತೂತುಗಳಷ್ಟೇ ಉಳಿದವು.

ಬಿಲ್ಲೆ ಇಲ್ಲದ ಮಗುವಿಗೆ ಆ ಕೊಠಡಿಯಲ್ಲಿ ಜಾಗವಿಲ್ಲ. ನಿಧಾನಿಯ ಅಪ್ಪನಿಗೆ ಕರೆ ಹೋಯಿತು. ಅವರು ಬಸ್ ಡ್ರೈವರ್. ಸಮವಸ್ತ್ರದಲ್ಲೇ ಬಂದು, ಕುರ್ಚಿಯ ತುದಿಯಲ್ಲಿ, ಇನ್ನೇನು ಗೇರ್ ಹಾಕುವವರ ಹಾಗೆ ಕೂತರು.

“ನಿಮ್ಮ ಮಗಳು ತುಂಬಾ ಹಿಂದಿದಾಳೆ,” ಎಂದರು ದೊಡ್ಡ ಮಿಸ್. “ಎರಡನೇ ತರಗತಿಗೆ ಕಳಿಸೋಣ ಅಂತಿದೀವಿ.”

“ಎರಡನೇದರಲ್ಲಿ ಇವಳ ತಮ್ಮ ಇದಾನಲ್ಲ ಮಿಸ್.”

“ಒಳ್ಳೇದೇ ಆಯ್ತಲ್ಲ. ಜೊತೆಗಿರ್ತಾನೆ.”

ಅಪ್ಪ ಟೋಪಿಯನ್ನು ಮೊಣಕಾಲ ಮೇಲೆ ಒಂದು ಸುತ್ತು ತಿರುಗಿಸಿದರು. “ಏನು ಮಾಡೋದು ಹೇಳಿ. ಮನೇಲೂ ಹಂಗೇ. ಅನ್ನ ಬೇಕಾ ಅಂದ್ರೆ ಮುಖ ನೋಡ್ತಾಳೆ. ನನ್ನ ಕೆಲಸಾನೇ ಟೈಮಿಗೆ ಸರಿಯಾಗಿ ಹೋಗೋದು, ನನ್ನ ಹೊಟ್ಟೇಲಿ ಇದು ಹುಟ್ಟಿದೆ. ನಿಮಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ.”

ಮುಂದಿನ ವಾರ ತಜ್ಞರು ಕೊಠಡಿ ನೋಡಲು ಬರುವವರಿದ್ದರು. ಅವರೆದುರೇ ಒಂದು ಸಲ ಪರೀಕ್ಷಿಸಿ ಕಳಿಸಿಬಿಡುವುದು, ಆಗ ಯಾರೂ ಶಾಲೆಯ ಕಡೆ ಬೆರಳು ತೋರಿಸುವಂತಿಲ್ಲ ಎಂದು ತೀರ್ಮಾನವಾಯಿತು. ಸುದ್ದಿ ಊಟದ ಬಿಡುವಿನಲ್ಲೇ ಹಬ್ಬಿತು. ಎರಡನೇ ತರಗತಿಯ ತಮ್ಮ ಓಡಿಬಂದು, “ಅಕ್ಕಾ, ನನ್ನ ಬೆಂಚಲ್ಲಿ ಕಿಟಕಿ ಪಕ್ಕ ನಾನು! ಈಗ್ಲೇ ಹೇಳ್ಬಿಡ್ತೀನಿ!” ಎಂದು ಸಾರಿಹೋದ. ಅವನು ಮೈದಾನದ ಆ ತುದಿ ಮುಟ್ಟಿದ ಮೇಲೆ ನಿಧಾನಿಯ ಕಣ್ಣಲ್ಲಿ ನೀರು ತುಂಬಿತು. ಚಿಕ್ಕ ಮಿಸ್ ಅದನ್ನು ನೋಡಿದಳು. ನೋಡಿ, ಕೊಳಾಯಿಯ ಕಡೆ ತಿರುಗಿ ಕೈ ತೊಳೆದಳು. ಕೈ ಆಗಲೇ ತೊಳೆದಾಗಿತ್ತು.

ಮಧ್ಯಾಹ್ನ ಆನಂದ ಕೊಠಡಿಯಲ್ಲಿ ಅಭ್ಯಾಸ. ದೊಡ್ಡ ಮಿಸ್ ಪ್ರಶ್ನೆ, ಚಿಕ್ಕ ಮಿಸ್ ಗಂಟೆ.

“ಇಪ್ಪತ್ತಮೂರು ಕಡ್ಡಿ, ಹದಿನಾಲ್ಕು ಕಡ್ಡಿ. ಸೇರಿದ್ರೆ?”

ನಿಧಾನಿ ಕಟ್ಟುಗಳನ್ನು ನೋಡುತ್ತ ನಿಂತಳು. ಟಿಣ್.

“ಹನ್ನೆರಡು ಗುಂಡಿ. ಮೂರು ಜನಕ್ಕೆ ಸಮ ಹಂಚು. ಒಬ್ಬರಿಗೆಷ್ಟು?”

“ಮೂವತ್ತೇಳು,” ಎಂದಳು ನಿಧಾನಿ.

ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಹನ್ನೆರಡು ಗುಂಡೀಲಿ ಒಬ್ಬೊಬ್ಬರಿಗೆ ಮೂವತ್ತೇಳಾ? ಅಂಗಡಿ ಇಡ್ತೀಯೇನಮ್ಮ?” ಎಂದರು ದೊಡ್ಡ ಮಿಸ್. ಟಿಣ್.

ತಕ್ಕಡಿಯ ಒಂದು ತಟ್ಟೆಯಲ್ಲಿ ಹನ್ನೊಂದು ಮರದ ತುಂಡು, ಇನ್ನೊಂದರಲ್ಲಿ ಐದು. “ಸಮ ಆಗೋಕೆ ಇನ್ನೆಷ್ಟು ಬೇಕು?”

“ನಾಲ್ಕು.”

ಟಿಣ್.

“ಐದೈದು ಮನೆ ಹಾರು, ಮೂರು ಸಲ. ಎಲ್ಲಿಗೆ ಬಂದೆ?”

“ಆರು.”

“ನೋಡಿದ್ಯಾ?” ಎಂದು ದೊಡ್ಡ ಮಿಸ್ ಚಿಕ್ಕ ಮಿಸ್ ಕಡೆ ತಿರುಗಿದರು. “ಬಾಯಿಗೆ ಬಂದದ್ದು ಹೇಳ್ತಾಳೆ.”

ಚಿಕ್ಕ ಮಿಸ್‌ಗೆ ‘ಆರು’ ಎಂಬುದು ಎಲ್ಲೋ ಚುಚ್ಚಿತು. ಬಾಯಿಗೆ ಬಂದದ್ದಾದರೆ ಆರೇ ಏಕೆ ಬಂತು? ಹನ್ನೊಂದಕ್ಕೆ ಐದು ಸಾಲದು, ಆರು ಬೇಕು. ಅದು ತಕ್ಕಡಿಯ ಉತ್ತರ. ತಕ್ಕಡಿಯ ಮುಂದೆ ಹೇಳಿದ ನಾಲ್ಕು ಗುಂಡಿಯದು. ಗುಂಡಿಯ ಮುಂದೆ ಹೇಳಿದ ಮೂವತ್ತೇಳು ಕಡ್ಡಿಯದು. ಈ ಹುಡುಗಿ ಒಂದೂ ತಪ್ಪು ಹೇಳಿಲ್ಲ! ಅವಳು ಒಂದು ಪ್ರಶ್ನೆ ಹಿಂದಿದ್ದಾಳೆ, ಅಷ್ಟೇ. ಅವಳು ಉತ್ತರ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಗಂಟೆ ತಟ್ಟಿ ಮನೆಯನ್ನೇ ಬದಲಾಯಿಸಿಬಿಡುತ್ತಾರೆ. ತಟ್ಟುವ ಕೈ ಯಾರದು? ಚಿಕ್ಕ ಮಿಸ್ ತನ್ನ ಅಂಗೈ ನೋಡಿಕೊಂಡಳು. ಹಿತ್ತಾಳೆಯ ವಾಸನೆ ಬರುತ್ತಿತ್ತು.

ಮಕ್ಕಳೆಲ್ಲ ಹೋದಮೇಲೆ ನಿಧಾನಿಯನ್ನು ಒಬ್ಬಳನ್ನೇ ಉಳಿಸಿಕೊಂಡು ಹದಿನಾರು ಗುಂಡಿ ಸುರಿದಳು. “ನಾಲ್ಕು ಜನಕ್ಕೆ ಹಂಚಿದ್ರೆ?” ಎಂದು ಕೇಳಿ ಬಾಯಿಗೆ ಬೀಗ ಹಾಕಿಕೊಂಡಳು. ಬಾಯಿಗೆ ಬೀಗ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹುಡುಗಿ ಗುಂಡಿಗಳನ್ನು ಸಾಲಿಟ್ಟಳು, ಸಾಲು ಕೆಡಿಸಿದಳು, ಒಂದು ನೀಲಿ ಗುಂಡಿಯ ತೂತಿನಿಂದ ಕಿಟಕಿ ನೋಡಿದಳು. ಆಮೇಲೆ, “ನಾಲ್ಕ್ ನಾಲ್ಕು,” ಎಂದಳು. ಚಿಕ್ಕ ಮಿಸ್ ಇನ್ನೊಂದು ಕೇಳಿದಳು, ಅದೂ ಸರಿ. ಮತ್ತೊಂದು, ಅದೂ ಸರಿ.

ಮಾರನೆಯ ದಿನ ದೊಡ್ಡ ಮಿಸ್ ಕೋಣೆಯ ಬಾಗಿಲಲ್ಲಿ ಚಿಕ್ಕ ಮಿಸ್ ಎರಡು ಸಲ ಹೋಗಿ ಹಿಂದಿರುಗಿ, ಮೂರನೇ ಸಲ ಒಳಗೆ ಹೋದಳು. ಹೇಳಿದಳು. ಮಾತು ಮುಂದೆ ಹಿಂದೆ ಆಗಿ, ಅಂತೂ ಹೇಳಿದಳು.

ದೊಡ್ಡ ಮಿಸ್ ಕನ್ನಡಕ ತೆಗೆದರು. ಅದು ಕೋಪವಲ್ಲ, ಕರುಣೆ. ಕೋಪವೇ ವಾಸಿಯಿತ್ತು.

“ನೋಡಮ್ಮ, ನೀನಿನ್ನೂ ಚಿಕ್ಕವಳು. ಪ್ರಶ್ನೆಗೆ ಉತ್ತರ ಹುಡುಕ್ಬೇಕು. ನೀನು ಉತ್ತರಕ್ಕೆ ಪ್ರಶ್ನೆ ಹುಡುಕ್ತಾ ಕೂತಿದೀಯ. ಹಂಗೆ ಹುಡುಕಿದ್ರೆ ಪ್ರಪಂಚದಲ್ಲಿ ಯಾರ ಉತ್ತರಾನೂ ತಪ್ಪಾಗಲ್ಲ.”

“ಗಂಟೆ ತಟ್ಟದೆ ಸ್ವಲ್ಪ ಕಾದ್ರೆ ಅವಳು ಸರಿಯಾಗೇ…”

“ಗಂಟೆ ಇಲ್ದೆ ಹೇಳಿದ್ದು ನಮ್ಮ ವಿಧಾನದಲ್ಲಿ ಲೆಕ್ಕಕ್ಕೆ ಬರಲ್ಲ. ಎಲ್ಲಾ ಮಕ್ಕಳಿಗೂ ಅವರವರ ದಾರೀಲಿ ಕಲಿಸೋ ಶಾಲೆ ಇದು. ಒಬ್ಬಳಿಗೋಸ್ಕರ ದಾರಿ ಬದಲಾಯ್ಸೋಕಾಗುತ್ತಾ?”

ಈ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಬಂತೆಂದು ದೊಡ್ಡ ಮಿಸ್‌ಗೆ ಹೊಳೆಯಲಿಲ್ಲ. ಚಿಕ್ಕ ಮಿಸ್‌ಗೆ ಹೊಳೆಯಿತು. “ಆಯ್ತು ಮಿಸ್,” ಎಂದು ಬಂದಳು. ಬಂದು ಇಡೀ ಸಂಜೆ ತನ್ನನ್ನು ತಾನೇ ಬೈದುಕೊಂಡಳು.

ತಜ್ಞರು ಬಂದ ದಿನ ಶಾಲೆಗೆ ಶಾಲೆಯೇ ಉಸಿರು ಬಿಗಿಹಿಡಿದಿತ್ತು. ಗುಂಡಿಗಳನ್ನು ಸೋಪು ಹಾಕಿ ತೊಳೆದಿದ್ದರು. ತಕ್ಕಡಿ ಒಂದು ಕಡೆ ವಾಲುತ್ತಿದೆಯೆಂದು ಅದರ ಕೆಳಗೆ ಮಡಿಸಿದ ಕಾಗದ ತೂರಿಸಿದ್ದರು. ತಜ್ಞರ ಜೊತೆ ಒಬ್ಬ ವೀಡಿಯೋದವನೂ ಬಂದಿದ್ದ. ನಾಳೆ ಹತ್ತಾರು ಶಾಲೆಗಳಿಗೆ ತೋರಿಸಲು ಇಲ್ಲಿನ ಆನಂದವನ್ನು ಸೆರೆಹಿಡಿಯುವುದು ಅವನ ಕೆಲಸ. ಪಾಲಕರ ಪರವಾಗಿ ಗೋಡೆಗೊರಗಿ ನಿಧಾನಿಯ ಅಪ್ಪ ನಿಂತಿದ್ದರು, ಕಣ್ಣು ಗಡಿಯಾರದ ಮೇಲೆ.

ಪಟಾಕಿ ಮೊದಲು ಸಿಡಿದಳು. ನಾಲ್ಕು ಪ್ರಶ್ನೆಗೆ ನಾಲ್ಕು ಉತ್ತರ, ಅದರಲ್ಲಿ ಎರಡು ಸರಿ. ಎಲ್ಲಕ್ಕೂ ಚಪ್ಪಾಳೆ ಬಿತ್ತು. “ಎನರ್ಜಿ! ಎಂಥಾ ಎನರ್ಜಿ!” ಎಂದರು ತಜ್ಞರು.

ಆಮೇಲೆ ನಿಧಾನಿ.

“ಇವಳು ನಾನು ಹೇಳಿದ್ನಲ್ಲ ಸರ್, ಆ ಹುಡುಗಿ,” ಎಂದು ದೊಡ್ಡ ಮಿಸ್ ಪಿಸುದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು.

“ಹದಿನೆಂಟು ಕಡ್ಡಿಗೆ ಹದಿನೈದು ಸೇರಿದ್ರೆ?” ಮೌನ. ಚಿಕ್ಕ ಮಿಸ್ ಗಂಟೆಯ ಮೇಲೆ ಕೈಯಿಟ್ಟು ತಡೆದಳು. ದೊಡ್ಡ ಮಿಸ್ ಹುಬ್ಬೇರಿಸಿದರು. ಇನ್ನೂ ತಡೆದಳು. ದೊಡ್ಡ ಮಿಸ್ ಕೆಮ್ಮಿದರು. ಟಿಣ್.

“ಇಪ್ಪತ್ತು ಗುಂಡಿ ನಾಲ್ಕು ಜನಕ್ಕೆ?” “ಮೂವತ್ತಮೂರು.” ಟಿಣ್.

“ಈ ಕಡೆ ಹದಿಮೂರು, ಆ ಕಡೆ ಆರು. ಇನ್ನೆಷ್ಟು?” “ಐದು.” ಟಿಣ್.

“ಮೂರು ಮೂರು ಮನೆ, ನಾಲ್ಕು ಸಲ ಹಾರಿದ್ರೆ?” “ಏಳು.”

ತಜ್ಞರು ತಲೆ ಅಲ್ಲಾಡಿಸಿದರು. ವೈದ್ಯರು ರೋಗಿಯ ಮನೆಯವರೆದುರು ಅಲ್ಲಾಡಿಸುವಂಥ ಅಲ್ಲಾಟ. ವೀಡಿಯೋ ಓಡುತ್ತಲೇ ಇತ್ತು. ದೊಡ್ಡ ಮಿಸ್ ಬಗ್ಗಿ, ಸಕ್ಕರೆ ಬೆರೆಸಿದ ದನಿಯಲ್ಲಿ, “ಪುಟ್ಟಿ, ಕೆಳಗಿನ ತರಗತಿಗೆ ಹೋಗೋದು ನಿಂಗೂ ಇಷ್ಟ ತಾನೇ?” ಎಂದರು.

“ಹನ್ನೆರಡು,” ಎಂದಳು ನಿಧಾನಿ.

ಮಕ್ಕಳು ಕಿಸಕ್ಕೆಂದರು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ತಜ್ಞರಿಗೆ ವಾತಾವರಣ ತಿಳಿಯಾಗಿಸಬೇಕೆನಿಸಿತು. ವೀಡಿಯೋಗೂ ಒಂದು ಒಳ್ಳೇ ಕೊನೆ ಬೇಕಿತ್ತು. ಅವರು ಹುಡುಗಿಯ ಮುಂದೆ ಮೊಣಕಾಲೂರಿ, ಅರ್ಧ ಮುಖ ಅವಳಿಗೂ ಅರ್ಧ ಕ್ಯಾಮರಾಕ್ಕೂ ಕೊಟ್ಟು ಕೇಳಿದರು.

“ಉತ್ತರ ಬಿಡು ಮಗು. ನನ್ನ ಈ ಚಟುವಟಿಕೆಗಳೆಲ್ಲ ನಿಂಗೆ ಇಷ್ಟ ಆಯ್ತಾ?”

“ಇಲ್ಲ,” ಎಂದಳು ನಿಧಾನಿ, ಸ್ಪಷ್ಟವಾಗಿ. “ನಂಗಿಷ್ಟ ಇಲ್ಲ.”

ತಜ್ಞರ ನಗು ತುಟಿಯ ಮೇಲೆ ಒಣಗಿ ಅಂಟಿಕೊಂಡಿತು. ವೀಡಿಯೋದವನು ನಿಲ್ಲಿಸಲೋ ಬೇಡವೋ ಎಂದು ಅತ್ತಿತ್ತ ನೋಡಿದ. ದೊಡ್ಡ ಮಿಸ್ ಮುಖ ಹುಳಿ ಕಚ್ಚಿದಂತಾಗಿತ್ತು. “ನಾಳೆಯಿಂದ ಅಲ್ಲ, ಈಗ್ಲೇ ಹೋಗು ಎರಡನೇ ತರಗತಿಗೆ!” ಎಂದು ಬಾಗಿಲ ಕಡೆ ಕೈ ತೋರಿಸಿದರು. ಅಪ್ಪ ಮುಂದೆ ಬಂದು ಮಗಳ ಚೀಲ ಎತ್ತಿಕೊಂಡರು.

“ಅದು ನಿಮಗೆ ಹೇಳಿದ್ದಲ್ಲ ಸರ್.”

ಯಾರು ಮಾತಾಡಿದ್ದೆಂದು ಎಲ್ಲರೂ ಹುಡುಕಿದರು. ಮಾತಾಡಿದವಳೂ ಒಂದು ಕ್ಷಣ ಹುಡುಕಿದಳು. ಚಿಕ್ಕ ಮಿಸ್ ಗಂಟೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನಿಂತಿದ್ದಳು. ಮುಖ ಕೆಂಪೇರಿ ಕಿವಿಯವರೆಗೂ ಹಬ್ಬಿತ್ತು.

“ನಿಮ್ಮ ಚಟುವಟಿಕೆ ಇಷ್ಟ ಇಲ್ಲ ಅಂದಿದ್ದಲ್ಲ. ಅವಳು ಒಂದು ಪ್ರಶ್ನೆ ಹಿಂದೆ ಇದಾಳೆ. ಕೆಳಗಿನ ತರಗತಿಗೆ ಹೋಗೋದು ಇಷ್ಟ ಇಲ್ಲ ಅಂದಿದ್ದು. ಅದು ದೊಡ್ಡ ಮಿಸ್ ಪ್ರಶ್ನೆ. ದೊಡ್ಡ ಮಿಸ್ ಕೇಳಿದಾಗ ಹನ್ನೆರಡು ಅಂದ್ಲಲ್ಲ, ಅದು ಮನೆ ಹಾರಿದ್ದರ ಉತ್ತರ. ಏಳು ಅಂದಿದ್ದು ತಕ್ಕಡೀದು. ನೀವೇ ಕೂಡಿಸಿ ನೋಡಿ ಸರ್.”

“ಏನಮ್ಮ ಇದು ಸರ್ ಮುಂದೆ…” ಎಂದು ದೊಡ್ಡ ಮಿಸ್ ಶುರುಮಾಡಿದರು. ತಜ್ಞರು ಕೈಯೆತ್ತಿ ತಡೆದರು. ಅವರಿಗೆ ಕೂಡಿಸುವುದು ಕಳೆಯುವುದು ಬೇಕಿರಲಿಲ್ಲ. ಮುಳುಗುವವನಿಗೆ ಹಗ್ಗ ಕಂಡಿತ್ತು.

“ಅಂದ್ರೆ, ಇಷ್ಟ ಇಲ್ಲ ಅಂದಿದ್ದು ನನಗಲ್ಲ?”

“ಅಲ್ಲ ಸರ್.”

“ಖಂಡಿತಾ?”

“ಖಂಡಿತಾ. ನಿಮ್ಮ ಉತ್ತರ ಇನ್ನೂ ಬರ್ಬೇಕು.”

“ಹೌದೌದು! ನನಗೆ ಆಗ್ಲೇ ಅನ್ನಿಸ್ತು!” ತಜ್ಞರು ಎದ್ದುನಿಂತರು. ಮಡಿಸಿದ ಕಾಗದದ ಮೇಲೆ ನಿಂತಿದ್ದ ತಕ್ಕಡಿ ಅವರ ಮೊಣಕೈ ತಗುಲಿ ಅಲ್ಲಾಡಿತು. “ಮೂವತ್ತಮೂರು ಕಡ್ಡೀದು, ಐದು ಗುಂಡೀದು… ಎಲ್ಲಾ ಸರಿ ಇದೆಯಲ್ರೀ! ಮೇಡಂ, ಎಲ್ಲಾ ಉತ್ತರ ಸರಿ ಹೇಳಿರೋ ಮಗೂನ ಕೆಳಗೆ ಕಳಿಸ್ತೀರಾ? ಏನ್ರೀ ಇದು?”

ಒಂದು ವಾರದಿಂದ ಯಾರ ಕಿವಿಗೂ ಇಳಿಯದಿದ್ದ ಸತ್ಯ, ತಜ್ಞರ ಮಾನ ಉಳಿಸುವ ಕೆಲಸಕ್ಕೆ ಬಂದದ್ದೇ ತಡ, ಸರಸರನೆ ಇಳಿಯಿತು. ದೊಡ್ಡ ಮಿಸ್ ಒಂದೇ ಉಸಿರಿನಲ್ಲಿ ಪಕ್ಷ ಬದಲಾಯಿಸಿದರು. “ನಾನೂ ಅದನ್ನೇ ಗಮನಿಸ್ತಾ ಇದ್ದೆ ಸರ್. ಅದಕ್ಕೇ ಅಲ್ವಾ ನಿಮ್ಮ ಮುಂದೆ ನಿಲ್ಲಿಸಿದ್ದು?”

“ಹಾಗಾದ್ರೆ ನನ್ನ ಉತ್ತರ?” ತಜ್ಞರು ಮತ್ತೆ ಮೊಣಕಾಲೂರಿದರು. ವೀಡಿಯೋದವನು ಹತ್ತಿರ ಸರಿದ. “ಹೇಳು ಮಗು.”

“ಏನೂ ಕೇಳ್ಬೇಡಿ ಸರ್,” ಎಂದಳು ಚಿಕ್ಕ ಮಿಸ್. “ಸುಮ್ಮನೆ ಕಾಯಿರಿ.”

ಕಾದರು. ಆ ಕೊಠಡಿ ಕಂಡ ಮೊದಲ ಕಾಯುವಿಕೆ ಅದು. ದೊಡ್ಡವರಿಗೆ ಅದು ಎಷ್ಟು ಕಷ್ಟದ ಚಟುವಟಿಕೆಯೆಂದು ಅವತ್ತು ತಿಳಿಯಿತು. ದೊಡ್ಡ ಮಿಸ್ ಮೂರು ಸಲ ಬಾಯಿ ತೆರೆದು ಮುಚ್ಚಿದರು. ತಜ್ಞರು ಊರಿದ್ದ ಮೊಣಕಾಲು ಬದಲಾಯಿಸಿದರು. ಅಪ್ಪ ಗಡಿಯಾರ ನೋಡಿದರು, ಮಗಳನ್ನು ನೋಡಿದರು, ಕೊನೆಗೆ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟರು. ಪಟಾಕಿ ತಡೆಯಲಾರದೆ “ಇಷ್ಟ ಆಯ್ತು ಅಂತ ಹೇಳೇ!” ಎಂದು ಪಿಸುಗುಟ್ಟಿ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ನಿಧಾನಿ ಒಂದೊಂದೇ ಮೇಜಿನ ಮೇಲೆ ಕಣ್ಣಾಡಿಸಿದಳು.

“ತಕ್ಕಡಿ ಇಷ್ಟ ಆಯ್ತು,” ಎಂದಳು. “ಗುಂಡೀನೂ. ಆ ಟಿಣ್ ಟಿಣ್ ಚೆನ್ನಾಗಿಲ್ಲ.”

“ನೋಡಿದ್ರಾ! ಇಷ್ಟ ಆಯ್ತಂತೆ!” ಎಂದು ತಜ್ಞರು ಕ್ಯಾಮರಾ ಕಡೆ ತಿರುಗಿದರು. ಉಳಿದರ್ಧ ಮಾತನ್ನು ವೀಡಿಯೋದಲ್ಲಿ ಕತ್ತರಿಸಿದರೆ ಆಯಿತು.

ಹೊರಗೆ ಅಪ್ಪ ಚಿಕ್ಕ ಮಿಸ್ ಹತ್ತಿರ ಬಂದು ನಿಂತರು. “ಅಂದ್ರೆ ಮಿಸ್, ಅನ್ನ ಬೇಕಾ ಅಂದಾಗ ಮುಖ ನೋಡ್ತಾಳಲ್ಲ…”

“ಇನ್ನೊಂದ್ಸಲ ಕೇಳ್ಬೇಡಿ. ತಟ್ಟೆ ಹಿಡ್ಕೊಂಡು ನಿಲ್ಲಿ, ಸಾಕು.”

ಅವರು ಯೋಚಿಸಿದರು. “ಎಷ್ಟೊತ್ತು ನಿಲ್ಬೇಕು? ನಂದು ಡ್ಯೂಟಿ ಇರುತ್ತಲ್ಲ,” ಎಂದು ನಿಜವಾದ ಕಳವಳದಿಂದಲೇ ಕೇಳಿ, ಉತ್ತರಕ್ಕೆ ಕಾಯದೆ ಓಡಿದರು.

ನಿಧಾನಿ ಮೂರನೇ ತರಗತಿಯಲ್ಲೇ ಉಳಿದಳು. ತಜ್ಞರ ಹೊಸ ಸುತ್ತೋಲೆ ಬಂತು, ಹೊಸ ಸೂತ್ರದ ಸಮೇತ: ‘ಮೌನ ವಿಧಾನ’. ಗಂಟೆಯನ್ನು ಕಪಾಟಿಗೆ ಹಾಕಿ ಪ್ರತಿ ಮೇಜಿಗೂ ಒಂದು ಮರಳು ಗಡಿಯಾರ ತರಿಸಿದರು. ಪ್ರಶ್ನೆ ಕೇಳಿ ಅದನ್ನು ತಿರುಗಿಸಬೇಕು. ಮರಳೆಲ್ಲ ಕೆಳಗಿಳಿಯುವವರೆಗೆ ಯಾವ ಮಗುವೂ ತುಟಿ ಬಿಚ್ಚಕೂಡದು. ಉತ್ತರ ಗೊತ್ತಿದ್ದರೂ ಕೂಡದು. ದೊಡ್ಡ ಮಿಸ್ ಬೇರೆ ಶಾಲೆಯವರಿಗೆ, “ಮಗುವಿನ ಮೌನಾನ ಓದೋಕೆ ಕಲೀಬೇಕು ಕಣ್ರೀ, ನಾವು ಮೊದಲಿಂದ್ಲೂ ಹಂಗೇ,” ಎಂದು ಹೇಳತೊಡಗಿದರು.

ಮೊದಲ ವಾರದಲ್ಲೇ ಪಟಾಕಿಯ ಬಿಲ್ಲೆ ಕಿತ್ತರು. ಮರಳು ಅರ್ಧ ಇಳಿಯುವ ಮೊದಲೇ ಸಿಡಿಯುತ್ತಿದ್ದಳಂತೆ. ದೊಡ್ಡ ಮಿಸ್ ಚಿಕ್ಕ ಮಿಸ್ಸನ್ನು ಕೋಣೆಗೆ ಕರೆಸಿದರು.

“ಆ ಹುಡುಗಿಗೆ ಅವಸರದ ತೊಂದರೆ ಇದೆ. ಮನೆಯವರನ್ನ ಕರೆಸಿ, ಕೆಳಗಿನ ತರಗತಿಗೆ…”

“ಕರೆಸಲ್ಲ ಮಿಸ್,” ಎಂದಳು ಚಿಕ್ಕ ಮಿಸ್. ದನಿ ಈಗಲೂ ಸಣ್ಣದೇ, ಆದರೆ ಬಾಗಿಲಾಚೆಗೆ ಕೇಳಿಸುವಷ್ಟಿತ್ತು. “ಅವಳು ಎಲ್ಲಿಗೂ ಹೋಗಲ್ಲ.”

ದೊಡ್ಡ ಮಿಸ್ ಕನ್ನಡಕ ತೆಗೆದರು.

“ಈಗೀಗ ತುಂಬಾ ಮಾತಾಡ್ತೀಯ ಕಣಮ್ಮ ನೀನು.”

“ಇಲ್ಲ ಮಿಸ್, ಇನ್ನೂ ಶುರುಮಾಡಿಲ್ಲ,” ಎಂದು ಚಿಕ್ಕ ಮಿಸ್ ಅವರೆದುರಿನ ಕುರ್ಚಿ ಎಳೆದುಕೊಂಡು ಕೂತಳು.